ಜೊತೆಗೆ ಬಂದ ಸೋದರಮಾವ

ಸೂಳೆಕೆರೆ ಎನ್ನಲು ಮುಜುಗರಪಡುವವರು ಶಾಂತಿಸಾಗರ ಎನ್ನುತ್ತಾರೆ. ಚನ್ನಗಿರಿ ಕಡೆಯ ಜನರ ಬಾಯಲ್ಲಿ ಅದು ಇವತ್ತಿಗೂ ಸೂಳೆಕೆರೆಯೇ. ಕೆರೆಗಾಗಿ ಕೇರಿ ಬಿಟ್ಟುಕೊಟ್ಟ ಹೆಂಗಸರು ನಮ್ಮ ಹೆಸರೇ ಉಳಿಯಬೇಕೆಂದು ಷರತ್ತು ಹಾಕಿದರಂತೆ. ಆಪ್ತಸಮಾಲೋಚಕರು ‘ಸಲಿಂಗಕಾಮಿ’ ಎಂದು ಬರೆದುಕೊಳ್ಳುವಾಗ ನನಗೆ ಆ ಷರತ್ತು ನೆನಪಾಗುತ್ತದೆ. ಒಲವು, ಮುನಿಸು, ಒಂಟಿತನ ಎಲ್ಲವನ್ನೂ ಬಿಟ್ಟು ಕಾಮವೊಂದನ್ನೇ ಹಿಡಿದ ಹೆಸರು ಅದು. ನಿನ್ನನ್ನು ನೀನು ಏನೆಂದು ಕರೆದುಕೊಳ್ಳುತ್ತೀ ಎಂದು ಮೊದಲು ಕೇಳಬೇಡವೇ?

ಅಮೆರಿಕದ ಕಪ್ಪು ಮನಶ್ಶಾಸ್ತ್ರಜ್ಞೆ ಬೆವರ್ಲಿ ಗ್ರೀನ್ 1990ರ ದಶಕದಿಂದಲೂ ಕೆದಕಿದ್ದು ಇಂಥ ಪ್ರಶ್ನೆಗಳನ್ನೇ. ಬೀದಿಯ ವರ್ಣಭೇದದಿಂದ ತಪ್ಪಿಸಿಕೊಂಡು ಬಂದ ಕಪ್ಪು ಸಲಿಂಗಪ್ರೇಮಿಗಳಿಗೆ ಮನೆಯೂ ಚರ್ಚೂ ಆಸರೆ. ಗುಟ್ಟು ಹೊರಬಿದ್ದರೆ ಆ ಆಸರೆಗೇ ಕುತ್ತು. ಬಿಳಿಯರನ್ನು ನೋಡಿ ಹೊಲಿದ ಚಿಕಿತ್ಸೆ ಅವರಿಗೆ ಒಗ್ಗುವುದಿಲ್ಲ. ನ್ಯಾಮತಿಯ ತಾಂಡಾದ ಹುಡುಗನಿಗೆ, ಜಗಳೂರಿನ ಮಾದಿಗರ ಹುಡುಗಿಗೆ ‘ಮನೆಯಲ್ಲಿ ಹೇಳಿಬಿಡು, ಇಲ್ಲವಾದರೆ ಬೆಂಗಳೂರಿಗೆ ಹೋಗು’ ಎನ್ನುವ ಸಲಹೆಯೂ ಅಷ್ಟೇ. ಜಾತಿಯ ಏಟಿಗೆ ಬೆನ್ನು ಕೊಡುವ ಕೇರಿಯನ್ನೇ ಬಿಟ್ಟು ಹೋಗೆಂದರೆ ಅವರು ಯಾರ ಬೆನ್ನಿಗೆ ಹೋಗಬೇಕು?

ಇಷ್ಟಕ್ಕೆ ನನ್ನ ಒಪ್ಪಿಗೆಯಿದೆ. ತಕರಾರಿರುವುದು ಮುಂದಿನದಕ್ಕೆ.

ನಮ್ಮಲ್ಲಿ ಸಂಸ್ಕೃತಿ ಎಂದರೆ ಜೊತೆಗೆ ಬಂದವರ ಸಂಸ್ಕೃತಿ ಎಂದಾಗಿಬಿಡುವ ಅಪಾಯವಿದೆ. ಸಮಾಲೋಚನೆಯ ಕೋಣೆ, ಅರ್ಧ ತೆರೆದ ಬಾಗಿಲು. ಹುಡುಗನ ಪಕ್ಕದ ಕುರ್ಚಿಯಲ್ಲಿ ಸೋದರಮಾವ. “ಹುಡ್ಗ ಮಂಕಾಗ್ಯಾನ್ರೀ ಸಾರ್, ಮದ್ವಿ ಅಂದ್ರೆ ಬ್ಯಾಡ ಅಂತಾನೆ.” ಕನ್ಯೆ ಮಾವನ ಮಗಳೇ! ಹುಡುಗ ಬೇಡವೆಂದರೆ ಅಕ್ಕತಮ್ಮಂದಿರ ನಡುವೆಯೇ ಮಾತು ನಿಲ್ಲುತ್ತದೆ, ಅವ್ವನ ತವರಿನ ಬಾಗಿಲು ಮುಚ್ಚುತ್ತದೆ. ಸೋದರಮಾವನಿಗೇ ಕೊಡಬೇಕೆಂದು ಗೊತ್ತಾದ ಹೆಣ್ಣುಮಗಳ ಪಾಡಂತೂ ಇನ್ನೂ ಬಿಗಿ. ಇದನ್ನು ಬಲ್ಲ ಸಮಾಲೋಚಕ ಸೂಕ್ಷ್ಮ ಮನುಷ್ಯ, ನಿಜ. ಆದರೆ ಬಲ್ಲೆನೆಂಬ ಕಾರಣಕ್ಕೇ ‘ಮದುವೆಯೊಂದು ಮಾಡಿ ನೋಡೋಣ’ ಎಂದು ಮಾವನ ಕಡೆ ವಾಲಿದರೆ ಆ ಸೂಕ್ಷ್ಮತೆ ಯಾರ ಉಪಯೋಗಕ್ಕೆ ಬಂತು? ಅರಿಯದೆ ಮದುವೆಯಾಗಿ ಬರುವ ಹುಡುಗಿಯನ್ನಂತೂ ಯಾರೂ ಕೇಳುವುದಿಲ್ಲ.

ಜೋಗಪ್ಪಂದಿರನ್ನು ಒಪ್ಪಿದ ನಾಡು ನಮ್ಮದು ಎಂಬ ಸಮಾಧಾನವೂ ಇಲ್ಲಿ ನಡೆಯುವುದಿಲ್ಲ. ಎಲ್ಲಮ್ಮನ ಮುಂದೆ ಸೀರೆಯುಟ್ಟು ನಿಂತವರಿಗೆ ಒಂದು ಜಾಗವಿದೆ; ಪ್ಯಾಂಟು ಶರಟು ಹಾಕಿಕೊಂಡು ಗೆಳೆಯನನ್ನು ಪ್ರೀತಿಸುವವನಿಗೆ ಅದು ಒದಗುವುದಿಲ್ಲ. ಅವನ ಒಳಗುದಿಗೆ ಮನೆಮಾತಿನ ಕನ್ನಡ ಕೊಟ್ಟದ್ದು ವಸುಧೇಂದ್ರರ ‘ಮೋಹನಸ್ವಾಮಿ’, 2013ರಲ್ಲಿ. ಸಮಾಲೋಚನೆ ಕಲಿಯುವವರಿಗೆ ನಾನು ಮೊದಲು ಕೊಡುವ ಪುಸ್ತಕ ಅದೇ.

ಕಾನೂನು ಎಂದೋ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಲೈಂಗಿಕ ಒಲವಿನ ಮೇಲೆ ಭೇದ ಮಾಡಕೂಡದೆಂದಿತು, 2018ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತರು, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಲವು ‘ಬದಲಿಸುವ’ ಚಿಕಿತ್ಸೆಯನ್ನು ವೃತ್ತಿ ದುರ್ನಡತೆಯ ಸಾಲಿಗೆ ಸೇರಿಸಿತು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್, ತೀರ್ಪು ಬರೆಯುವ ಮೊದಲು ತಾವೇ ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ಕೂತು ಪಾಠ ಹೇಳಿಸಿಕೊಂಡರು. ನ್ಯಾಯಾಧೀಶರಿಗಿಲ್ಲದ ಬಿಗುಮಾನ ಸಮಾಲೋಚಕರಿಗೇಕೆ?

ಮಾವನನ್ನು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿ ಬಾಗಿಲು ಹಾಕುವುದೇ ನಮ್ಮಲ್ಲಿ ಚಿಕಿತ್ಸೆಯ ಅರ್ಧ ಭಾಗ. ಅಲ್ಲಿಗೂ ಬರಲಾಗದವರಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಶುರುವಾಯಿತು. 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಆದರೆ ಮನೆಯವರ ಕಿವಿ ತಪ್ಪಿಸಿ ಹೇಳಿಕೊಳ್ಳಲು ಅಡಿಕೆ ತೋಟದ ಆ ತುದಿಗೆ ಹೋಗಬೇಕು. ಕೊಯ್ಲಿನ ಕಾಲದಲ್ಲಿ ಅಲ್ಲೂ ಜನ.