ಕಮಾಂಡೋದ ಕೊರಳ ನಟ್ಟು

ನಾರ್ಟನ್ ಕಮಾಂಡೋ ಬೈಕಿಗೆ ಹೊಗೆ ಪೈಪು ಕೂರಿಸುವುದು ಮೇಲುನೋಟಕ್ಕೆ ಸುಲಭದ ಕೆಲಸ. ಎರಡು ಸಿಲಿಂಡರು, ಎರಡು ಪೈಪು, ಬಳೆಯಂಥ ಎರಡು ದಪ್ಪ ನಟ್ಟು. ಆದರೆ ಆ ನಟ್ಟು ತಿರುಗಿ ಕೂರುವುದು ಅಲ್ಯೂಮಿನಿಯಂ ಹೆಡ್ಡಿನೊಳಗೆ. ಸ್ವಲ್ಪ ಸಡಿಲವಾದರೂ ಸಾಕು, ಅದುರಿ ಅದುರಿ ಹೆಡ್ಡಿನ ಥ್ರೆಡ್ಡನ್ನೇ ತಿಂದುಹಾಕುತ್ತದೆ.

ಅದಕ್ಕೇ ಬಲ್ಲವರು ಅವಸರ ಮಾಡುವುದಿಲ್ಲ. ಹೊಸ ಗ್ಯಾಸ್ಕೆಟ್ ಇಟ್ಟು ನಟ್ಟನ್ನು ಕೈಯಲ್ಲೇ ತಿರುಗಿಸಿ, ಸೈಲೆನ್ಸರನ್ನು ಅದರ ರಬ್ಬರಿಗೆ ತೂಗುಹಾಕಿ, ಎಲ್ಲವೂ ಎಳೆತವಿಲ್ಲದೆ ತಂತಾನೇ ಸಾಲಿಗೆ ಬರುವವರೆಗೆ ಕಾಯುತ್ತಾರೆ. ಮೊದಲ ಬಿಗಿತ ಹೆಡ್ಡಿನ ಬಳಿ, ಉಳಿದದ್ದು ಆಮೇಲೆ. ಎಂಜಿನ್ ಓಡಿಸಿ, ಬಿಸಿಯಿರುವಾಗಲೇ ಕೊಕ್ಕೆ ಸ್ಪ್ಯಾನರಿನಿಂದ ಇನ್ನೊಮ್ಮೆ ಬಿಗಿ. ಈ ಎರಡನೆಯ ಬಿಗಿಯಲ್ಲೇ ಕಸುಬುದಾರನ ಗುರುತು.

ರಬ್ಬರು ಯಾಕೆ?

1967ರಲ್ಲಿ ಬಂದ ಕಮಾಂಡೋದ ಹೆಚ್ಚುಗಾರಿಕೆಯೇ ಐಸೋಲಾಸ್ಟಿಕ್ ವ್ಯವಸ್ಥೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರ ಹೊತ್ತ ಸ್ವಿಂಗ್ ಆರ್ಮ್ ಮೂರೂ ಒಂದೇ ಕುಟುಂಬವಾಗಿ ರಬ್ಬರಿನ ಮೇಲೆ ಕೂತಿವೆ. ಪೈಪು ಎಂಜಿನ್ನಿನ ಜೊತೆ ಕುಣಿಯುತ್ತದೆ, ಫ್ರೇಮು ನಿಶ್ಚಲ. ಸೈಲೆನ್ಸರನ್ನು ಫ್ರೇಮಿಗೆ ಗಟ್ಟಿಯಾಗಿ ಕಟ್ಟಿದರೆ ಎರಡರ ಜಗಳದಲ್ಲಿ ಬ್ರಾಕೆಟ್ಟು ಬಿರುಕು ಬಿಡುತ್ತದೆ.

ಫುಟ್‌ರೆಸ್ಟಿನ ಜಾಗ ಮಾತ್ರ ಫ್ರೇಮಿಗೆ ಬಿಗಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ. ಸವಾರನ ಪಾದಕ್ಕೆ ಆ ದೊಡ್ಡ ಅವಳಿ ಸಿಲಿಂಡರಿನ ನಡುಕ ತಟ್ಟದಿರಲಿ ಎಂಬ ಕಾಳಜಿ ಅದು, ನಿಜಕ್ಕೂ ಸೊಗಸಾದ ಯೋಚನೆ. 1975ರ ಮಾರ್ಕ್ 3ಕ್ಕೆ ಮುಂಚಿನ ಕಮಾಂಡೋಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆದ್ದರಿಂದ ಫುಟ್‌ರೆಸ್ಟ್ ಕೂರಿಸಿದ ಮೇಲೆ ಬೂಟು ಹಾಕಿಕೊಂಡೇ ಸೀಟಿನಲ್ಲಿ ಕೂತು, ಎರಡೂ ಪೆಡಲು ಪಾದಕ್ಕೆ ಸಲೀಸಾಗಿ ಸಿಗುತ್ತವೆಯೇ ಎಂದು ನೋಡಬೇಕು.