ನಿದ್ದೆಗೆ ಕಾಲಂ ಇಲ್ಲ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆ ಗೊಬ್ಬೂರ ಹಾಯ್ದು ಚವಡಾಪುರ ಮುಟ್ಟುತ್ತದೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಈ ಸೀಮೆಯ ಹಾದಿಗಳ ತುಂಬ ಹವಳಗಾ, ಚಿಣಮಗೇರಾ, ಆಳಂದದ ಭೂಸನೂರದ ಸಕ್ಕರೆ ಕಾರ್ಖಾನೆಗಳ ಕಡೆಗೆ ಕಬ್ಬು ಹೇರಿಕೊಂಡು ಹೊರಟ ಲಾರಿಗಳು, ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಇವುಗಳಲ್ಲೊಂದು ಮಗುಚಿದರೆ ಅಥವಾ ಎದುರಿನ ಬೈಕಿಗೆ ಬಡಿದರೆ ಠಾಣೆಯಲ್ಲಿ ದಾಖಲಾಗುವ ಕಾರಣ ಹೆಚ್ಚುಕಡಿಮೆ ಒಂದೇ: ಅತಿವೇಗ ಮತ್ತು ನಿಷ್ಕಾಳಜಿತನ. ಅಪಘಾತದ ಕಾರಣ ಬರೆಯುವ ಈ ಪದ್ಧತಿಯ ಬಗ್ಗೆಯೇ ನನ್ನ ತಕರಾರು.

ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯಲ್ಲೂ ಇದೇ ಕಥೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 71ರಷ್ಟು ಸಾವು ಅತಿವೇಗದ ಲೆಕ್ಕಕ್ಕೆ ಹೋಗಿವೆ. ಕುಡಿತ, ರಾಂಗ್ ಸೈಡ್, ಸಿಗ್ನಲ್ ಜಿಗಿತ, ಮೊಬೈಲ್ ಎಂದು ಬೇರೆ ಬೇರೆ ಕಾಲಂಗಳಿವೆ, ಉಳಿದದ್ದೆಲ್ಲ ‘ಇತರೆ’. ನಿದ್ದೆಗೆ ಮಾತ್ರ ಕಾಲಂ ಇಲ್ಲ. ಕಣ್ಣು ಹತ್ತಿದವನ ಕಾಲು ಆಕ್ಸಿಲರೇಟರ್ ಮೇಲೆಯೇ ಇರುತ್ತದೆ, ಬ್ರೇಕಿಗೆ ಬರುವುದಿಲ್ಲ. ಹಾಗಾಗಿ ತೂಕಡಿಕೆಯಿಂದಾದ ಡಿಕ್ಕಿ ಕಾಗದದ ಮೇಲೆ ವೇಗದ ಡಿಕ್ಕಿಯಾಗಿ ಕುಳಿತುಕೊಳ್ಳುತ್ತದೆ.

ಹಂಗಾಮಿನಲ್ಲಿ ಕಾರ್ಖಾನೆಯ ಯಾರ್ಡು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಹಗಲೆಲ್ಲ ಹೊಲದಲ್ಲಿ ಗ್ಯಾಂಗಿನವರು ಕಡಿದು ಹೇರುವ ತನಕ ಡ್ರೈವರ್ ಕಾಯಬೇಕು. ಸಂಜೆ ಯಾರ್ಡಿಗೆ ಬಂದರೆ ಮುಂದೆ ಉದ್ದಕ್ಕೆ ಸಾಲು. ಮುಂದಿನ ಗಾಡಿ ಒಂದಿಷ್ಟು ಜರುಗಿದರೆ ಇವನೂ ಎದ್ದು ಸ್ಟಾರ್ಟ್ ಮಾಡಿ ಜರುಗಬೇಕು, ಇಲ್ಲವಾದರೆ ಪಾಳಿ ತಪ್ಪುತ್ತದೆ. ಅರ್ಧ ತಾಸು ಸ್ಟೇರಿಂಗಿಗೆ ತಲೆಯಾನಿಸಿರುವಷ್ಟರಲ್ಲಿ ಹಿಂದಿನವನ ಹಾರ್ನು. ಕಾಟಾ ಮುಗಿಸಿ, ಖಾಲಿ ಮಾಡಿ ಹೊರಬೀಳುವಾಗ ಬೆಳಗಿನ ಜಾವ. ಬಾಡಿಗೆ ಟನ್ನಿನ ಮೇಲೆ, ಟ್ರಿಪ್ಪಿನ ಮೇಲೆ. ಕಾಯ್ದ ತಾಸುಗಳಿಗೆ ಕೂಲಿಯಿಲ್ಲ. ಮಲಗಿದರೆ ಇನ್ನೊಂದು ಟ್ರಿಪ್ ಹೋಯಿತು. ಅವನು ಹೊಲದ ಹಾದಿ ಹಿಡಿಯುತ್ತಾನೆ. ಇದನ್ನು ನಿಷ್ಕಾಳಜಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿದ್ದೆಗೇಡು ಎಷ್ಟು ಅಪಾಯ ಎಂಬುದು ಬರಿ ಅಂದಾಜಿನ ಮಾತೂ ಅಲ್ಲ. ಸತತ 17 ತಾಸು ಎಚ್ಚರವಿದ್ದವನ ಕೈಕಣ್ಣಿನ ಚುರುಕು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯವಿದ್ದವನಷ್ಟೇ ಕುಂದಿರುತ್ತದೆಂದು 1997ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿ.ಗ್ರಾಂ. ಅಂದರೆ ಕುಡಿದವನನ್ನು ಊದಿಸಿ ಹಿಡಿಯುವ ಕಾನೂನು ಅವನಿಗಿಂತ ಮಂಕಾದವನನ್ನು ಮುಂದೆ ಬಿಡುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಜೊಂಪು ಹತ್ತಿದರೆ ಲಾರಿ 50 ಮೀಟರ್ ದಾಟಿರುತ್ತದೆ.

ಕಾನೂನೇ ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದಿತು. ಐದು ತಾಸಿನ ದುಡಿಮೆಗೆ ಅರ್ಧ ತಾಸು ಬಿಡುವು, ಎರಡು ದಿನಗಳ ಕೆಲಸದ ನಡುವೆ ಸತತ ಒಂಬತ್ತು ತಾಸು ವಿಶ್ರಾಂತಿ ಎಂದೂ ಬರೆಯಿತು. ಓದಲು ಚೆಂದದ ಕಾಯ್ದೆ. ಆದರೆ ಅದು ಹಿಡಿದದ್ದು ಐದು ಮತ್ತು ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳನ್ನು. ನಮ್ಮ ಕಡೆ ಒಂದೆರಡು ಗಾಡಿಗಳ ಮಾಲೀಕರೇ ಹೆಚ್ಚು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು ಹತ್ತಕ್ಕೆ ಏರಿಸಿದೆ. ಗೊಬ್ಬೂರದ ಹಾದಿಯ ಡ್ರೈವರ್ ಮೊದಲೇ ಹೊರಗಿದ್ದ, ಈಗ ಇನ್ನೂ ದೂರ ಸರಿದ.

ನಿದ್ದೆ ಅಳೆಯುವ ಯಂತ್ರ ಪೊಲೀಸರ ಬಳಿ ಇಲ್ಲ, ನಿಜ. ಆದರೆ ತಾಸುಗಳನ್ನು ಎಣಿಸಬಹುದಲ್ಲ? ಕಾಟಾ ಚೀಟಿಯಲ್ಲಿ ವೇಳೆ ಅಚ್ಚಾಗಿರುತ್ತದೆ, ಟೋಲ್ ದಾಟಿದ ಕ್ಷಣ ಫಾಸ್ಟ್ಯಾಗಿನಲ್ಲಿರುತ್ತದೆ, ಡೀಸೆಲ್ ಬಿಲ್ಲಿರುತ್ತದೆ. ಯುರೋಪಿನಲ್ಲಿ ನಾಲ್ಕೂವರೆ ತಾಸು ಓಡಿಸಿದವನು 45 ನಿಮಿಷ ನಿಲ್ಲಲೇಬೇಕು, ಅದನ್ನು ಗಾಡಿಯೊಳಗಿನ ಯಂತ್ರವೇ ದಾಖಲಿಸುತ್ತದೆ. ಇಲ್ಲಿ 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ, ನಿಂತ ಲಾರಿಗೆ ವ್ಯಾನ್ ಬಡಿದು ಬಾಗಲಕೋಟೆ ಕಡೆಯ ಐವರು ಸತ್ತರು. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಗುಂಡೇನಹಳ್ಳಿ ಬಳಿಯೂ ಹಾಗೆಯೇ ನಿಂತ ಲಾರಿ, 13 ಸಾವು. ಇಂಥ ಪ್ರತಿ ಪ್ರಕರಣದಲ್ಲೂ ಬಡಿದ ಗಾಡಿಯವನು ಎಷ್ಟು ಹೊತ್ತಿನಿಂದ ಮಲಗಿರಲಿಲ್ಲ, ಲಾರಿಯವನಿಗೆ ರಸ್ತೆ ಬಿಟ್ಟು ನಿಲ್ಲಲು ಹತ್ತಿರದಲ್ಲಿ ಜಾಗವಿತ್ತೇ ಎಂದು ಪಂಚನಾಮೆ ಕೇಳಲೇಬೇಕು.

ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ 2025ರಲ್ಲಿ ಎಸಿ ಕಡ್ಡಾಯವಾಗಿದೆ. ಒಳ್ಳೆಯದೇ, ಕಲಬುರಗಿಯ ಬಿಸಿಲು ಬಲ್ಲವರಾರೂ ಬೇಡವೆನ್ನಲಾರರು. ಆದರೆ ಎಸಿ ನಿದ್ದೆಯ ಸಾಲ ತೀರಿಸದು. ಯಾರ್ಡಿನಲ್ಲಿ ಟೋಕನ್ ಕೊಟ್ಟು, ಪಾಳಿ ತಪ್ಪುವ ಭಯವಿಲ್ಲದೆ ಮಲಗಲು ಒಂದು ಶೆಡ್ಡು ಕಟ್ಟಿ, ಕಾಯ್ದ ತಾಸಿಗೆ ಭತ್ಯೆ ಕೊಟ್ಟರೆ ಇದಕ್ಕಿಂತ ಹೆಚ್ಚು ಜೀವ ಉಳಿಯುತ್ತವೆ ಎಂಬುದು ನನ್ನ ಖಚಿತ ನಂಬಿಕೆ. ಎಚ್ಚರವಿದ್ದ ತಾಸುಗಳು ದೋಷಾರೋಪ ಪಟ್ಟಿಗೆ ಬರುವವರೆಗೆ, ಟ್ರಿಪ್ಪುಗಳ ವೇಳೆ ಗೊತ್ತುಮಾಡಿದವರನ್ನು ಯಾವ ಕೋರ್ಟೂ ಕಟಕಟೆಗೆ ಕರೆಯುವುದಿಲ್ಲ. ಪರಿಹಾರ ವಿಮೆಯವರದು, ಜೈಲು ಡ್ರೈವರನದು.