ದ್ವೀಪದಲ್ಲಿ ಪರದೇಶಿ ಯಾರು?

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಮಗೆ ‘ಜಜೀರಾ’ ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ಅಂಡಮಾನ್. 1857ರ ಬಂಡಾಯದ ನಂತರ ಬ್ರಿಟಿಷರು ಅಲ್ಲಿಗೆ ಗಡೀಪಾರು ಮಾಡಿದ ವಿದ್ವಾಂಸ ಫಜ್ಲೆ ಹಕ್ ಖೈರಾಬಾದಿ 1861ರಲ್ಲಿ ಅಲ್ಲಿಯೇ ತೀರಿಕೊಂಡರು. ಕಾಲಾಪಾನಿ ದಾಟಿದವನು ತಿರುಗಿ ಬರುವುದಿಲ್ಲ ಎಂದು ಉಸ್ತಾದರು ಹೇಳುತ್ತಿದ್ದರು. ಮುಂದೆ ಕನ್ನಡದಲ್ಲಿ ನಾವು ಓದಿದ ನಾ. ಡಿಸೋಜ ಅವರ ‘ದ್ವೀಪ’ವಾದರೂ ಸುಖದ ಜಾಗವಲ್ಲ. ಅಣೆಕಟ್ಟಿನ ನೀರು ಏರುತ್ತಿರುವಾಗ ಊರು ಬಿಡಲಾಗದೆ ಉಳಿದವರ ಕಥೆ ಅದು. ಹೀಗೆ ನಮ್ಮ ಎರಡೂ ಭಾಷೆಗಳು ಕಲಿಸಿದ ದ್ವೀಪ ಸಿಕ್ಕಿಕೊಂಡವರದು. ಟಿಕೆಟ್ ಕೊಂಡು, ಬಯಸಿ ಹೋಗಿ, ಅಲ್ಲಿಯೇ ಮನೆ ಮಾಡಿ ನೆಲೆಸುವವರ ಪುಸ್ತಕಗಳನ್ನು ಓದುವಾಗ ನಮಗಾಗುವ ತಬ್ಬಿಬ್ಬಿಗೆ ಇದೇ ಕಾರಣವಿರಬೇಕು.

ಇಂಥ ಪುಸ್ತಕಗಳಲ್ಲಿ ಲೋಕದ ತುಂಬ ಓದಿಸಿಕೊಂಡದ್ದು ಅಮೆರಿಕದ ಎಲಿಜಬೆತ್ ಗಿಲ್ಬರ್ಟ್ ಅವರ ‘ಈಟ್, ಪ್ರೇ, ಲವ್’. 2006ರಲ್ಲಿ ಬಂದ ಈ ಆತ್ಮಕಥನ 2010ರಲ್ಲಿ ಜೂಲಿಯಾ ರಾಬರ್ಟ್ಸ್ ನಟಿಸಿದ ಸಿನಿಮಾ ಆಯಿತು. ನಮಗೆ ಇದನ್ನು ತಂದುಕೊಟ್ಟದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಪಕ್ಕದ ಮನೆಯ ಹುಡುಗ. “ಚಾಚಾ, ನಾನೂ ಬಾಲಿಗೆ ಹೋಗಿ ಇದ್ದುಬಿಡ್ತೀನಿ, ಲ್ಯಾಪ್‌ಟಾಪ್ ಇದ್ದರೆ ಸಾಕು” ಎಂದು ಹೇಳಿ ಪುಸ್ತಕ ಇಟ್ಟುಹೋದ.

ಪುಸ್ತಕವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ವಿಚ್ಛೇದನದಿಂದ ಜರ್ಜರಿತಳಾದ ಹೆಣ್ಣೊಬ್ಬಳು ಇಟಲಿ, ಭಾರತ, ಇಂಡೋನೇಷ್ಯಾಗಳಲ್ಲಿ ಒಂದು ವರ್ಷ ಕಳೆದು ತನ್ನನ್ನು ತಾನೇ ಕಟ್ಟಿಕೊಳ್ಳುವ ಕಥೆಯಲ್ಲಿ ನೋವು ನಿಜವಾದದ್ದು. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಧೈರ್ಯವೂ ಲೇಖಕಿಗಿದೆ. ನಮ್ಮ ತಕರಾರು ಬಾಲಿಯ ಭಾಗದ ಎರಡು ಪ್ರಸಂಗಗಳಿಗೆ ಸಂಬಂಧಿಸಿದ್ದು.

ಮೊದಲನೆಯದು ವಾಯಾನ್ ಎಂಬ ನಾಟಿವೈದ್ಯೆಯದು. ಗಂಡನನ್ನು ಬಿಟ್ಟು ಬಂದ ಈಕೆ ಮಗಳ ಜೊತೆ ಬಾಡಿಗೆ ಅಂಗಡಿಯಲ್ಲಿ ಬದುಕುತ್ತಿದ್ದಾಳೆ. ಲೇಖಕಿ ತನ್ನ ಗೆಳೆಯರಿಗೆಲ್ಲ ಪತ್ರ ಬರೆದು ಸುಮಾರು 18 ಸಾವಿರ ಡಾಲರ್ ಕೂಡಿಸಿ ಮನೆ ಕೊಳ್ಳಲು ಕೊಡುತ್ತಾಳೆ. ದೊಡ್ಡ ಮನಸ್ಸೇ ಸರಿ. ಆದರೆ ಜಾಗ ಕೂಡಿಬರಲಿಲ್ಲ, ಲಕ್ಷಣ ಸರಿಯಿಲ್ಲ, ಇನ್ನಷ್ಟು ಹಣ ಬೇಕು ಎಂದು ವಾಯಾನ್ ದಿನ ತಳ್ಳುತ್ತಾಳೆ. ಆಗ ಅವಳನ್ನು ದಾರಿಗೆ ತರಲು ಲೇಖಕಿ ಒಂದು ಸುಳ್ಳು ಹೇಳಿ ಹೆದರಿಸಬೇಕಾಗುತ್ತದೆ. ಕೈಯೊಡ್ಡಿ ನಿಂತಿರುವವರೆಗೆ ಮುಗ್ಧೆಯಾಗಿದ್ದವಳು ತನ್ನದೇ ಲೆಕ್ಕ ಹಾಕತೊಡಗಿದ ಕೂಡಲೇ ಚಾಲಾಕಿಯಾಗಿ ಕಾಣುತ್ತಾಳೆ. ಇಂಥ ಅವಕಾಶ ಆಕೆಗೆ ಮತ್ತೆ ಸಿಗಲಾರದು ಎಂಬುದನ್ನು ಪುಸ್ತಕವೇ ಅರ್ಧ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡು ಸಮುದ್ರತೀರದ ಪ್ರೇಮಕ್ಕೆ ಹೊರಟುಹೋಗುತ್ತದೆ.

ಎರಡನೆಯದು ಜಾವಾದಿಂದ ಬಂದ ಯೂದಿ ಎಂಬ ಯುವಕನದು. ಅಮೆರಿಕದ ಕನಸು ಕಂಡು ಹೋಗಿ, ಅಲ್ಲಿಯೇ ಮದುವೆಯಾಗಿ, ನ್ಯೂಯಾರ್ಕಿನಲ್ಲಿ ಸಂಗೀತ ನುಡಿಸಿಕೊಂಡಿದ್ದವನು. 2001ರ ಸೆಪ್ಟೆಂಬರ್ ದಾಳಿಯ ನಂತರ ಮುಸ್ಲಿಮರು ಹೆಚ್ಚಾಗಿರುವ ದೇಶಗಳ ಗಂಡಸರೆಲ್ಲ ಹೆಸರು ನೋಂದಾಯಿಸಬೇಕೆಂಬ ಕಟ್ಟಳೆ ಅಮೆರಿಕದಲ್ಲಿ ಬಂದಿತಷ್ಟೆ. ಇಂಡೋನೇಷ್ಯಾವೂ ಆ ಪಟ್ಟಿಯಲ್ಲಿತ್ತು. ನೋಂದಾಯಿಸಲು ಹೋದ ಯೂದಿಯನ್ನು ಹಿಡಿದು ಕೊನೆಗೆ ದೇಶದಿಂದ ಹೊರಹಾಕುತ್ತಾರೆ. ಹೆಂಡತಿ ಅಲ್ಲಿ, ಇವನು ಇಲ್ಲಿ. ಅಮೆರಿಕದವಳು ಇವನ ನಾಡಿನಲ್ಲಿ ಬೇಕಾದಷ್ಟು ದಿನ ಇದ್ದು ಚೇತರಿಸಿಕೊಳ್ಳುತ್ತಿರುವಾಗ, ಅವಳ ನಾಡಿನಿಂದ ಹೊರಬಿದ್ದ ಇವನು ಅವಳ ಬಾಡಿಗೆಮನೆಯ ಉಸ್ತುವಾರಿಯಲ್ಲಿದ್ದಾನೆ. ಕಥೆ ಬರೆಯುವ ನಮ್ಮಂಥವರಿಗೆ ಇಡೀ ಪುಸ್ತಕ ತಿರುಗಬೇಕಾದ ಕೀಲು ಇದೇ ಅನ್ನಿಸುತ್ತದೆ. ಗಿಲ್ಬರ್ಟ್ ಅವನ ಬಗ್ಗೆ ಮರುಕದಿಂದ ಬರೆಯುತ್ತಾರೆ, ಆದರೆ ಅದು ಉಪಕಥೆಯಾಗಿಯೇ ಉಳಿಯುತ್ತದೆ. ಹುಡುಗನ ಪ್ರತಿಯಲ್ಲಿ ಬಾಲಿಯ ಭಾಗದ ತುಂಬ ಪೆನ್ಸಿಲ್ ಗೆರೆಗಳಿದ್ದವು. ಯೂದಿಯ ಪುಟಗಳಲ್ಲಿ ಒಂದೂ ಇರಲಿಲ್ಲ.

ಬಾಲಿಯನ್ನು ಸ್ವರ್ಗವಾಗಿಸಿದ್ದು ಬರೇ ಪುಸ್ತಕಗಳಲ್ಲ. 1906ರ ಸೆಪ್ಟೆಂಬರ್‌ನಲ್ಲಿ ಡಚ್ಚರ ಸೈನ್ಯ ಬಾದುಂಗ್ ರಾಜ್ಯಕ್ಕೆ ನುಗ್ಗಿದಾಗ ರಾಜಪರಿವಾರ ಬಿಳಿ ಬಟ್ಟೆ ಉಟ್ಟು, ಕಠಾರಿ ಹಿಡಿದು, ಬಂದೂಕಿನ ಬಾಯಿಗೆ ನಡೆದುಹೋಯಿತು. ಆ ಹತ್ಯಾಕಾಂಡದ ಕೆಟ್ಟ ಹೆಸರನ್ನು ತೊಳೆದುಕೊಳ್ಳಬೇಕಾಗಿದ್ದ ಅದೇ ವಸಾಹತು ಆಡಳಿತ, ಕೆಲವೇ ವರ್ಷಗಳಲ್ಲಿ ದ್ವೀಪವನ್ನು ಜೀವಂತ ವಸ್ತುಸಂಗ್ರಹಾಲಯವೆಂದು ಪ್ರವಾಸಿಗರಿಗೆ ತೋರಿಸತೊಡಗಿತು. 1927ರಲ್ಲಿ ಬಂದು ನೆಲೆಸಿದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್, ಉಬುದ್ ಊರನ್ನು ಕಲಾವಿದರ ತವರಾಗಿಸಿದ. ರಾಮಾಯಣದ ಕಥೆಗೆ ನೂರಾರು ಗಂಡಸರು ಸುತ್ತ ಕೂತು ‘ಚಕ್ ಚಕ್’ ಎನ್ನುವ ಕೆಚಕ್ ನೃತ್ಯ ಇಂದಿನ ರೂಪಕ್ಕೆ ಬಂದದ್ದು 1930ರ ದಶಕದಲ್ಲಿ, ಸ್ಪೀಸ್ ಮತ್ತು ಸ್ಥಳೀಯ ನರ್ತಕರ ಕೂಡುವಿಕೆಯಿಂದ, ನೋಡಲು ಬಂದವರಿಗಾಗಿ. ಈಗ ಅದನ್ನೇ ಸಾವಿರ ವರ್ಷದ ಪರಂಪರೆ ಎಂದು ನಂಬಿ ನೋಡುವವರು ಇದ್ದಾರೆ. ಈ ಶಾಂತಿಯ ಚಿತ್ರ ಕಟ್ಟಿದ್ದೆಂಬುದು ಗಿಲ್ಬರ್ಟ್‌ಗೆ ತಿಳಿಯದ್ದಲ್ಲ. ತಿಳಿದೂ ಅವರಿಗೆ ಆ ಚಿತ್ರ ಬೇಕಾಗಿದೆ.

ಉರ್ದುವಿನಲ್ಲಿ ‘ಪರದೇಸಿ’ ಎಂದರೆ ದೂರದೇಶದವನು, ಹಾಡುಗಳಲ್ಲಿ ಕಾಯಿಸಿ ಕೊಲ್ಲುವ ಪ್ರಿಯ. ಅದೇ ಪದ ಕನ್ನಡಕ್ಕೆ ಬಂದರೆ ದಿಕ್ಕುದೆಸೆ ಇಲ್ಲದವನು, ಬೈಗುಳವೂ ಹೌದು. ಬಾಲಿಯಲ್ಲಿ ಈ ಎರಡು ಅರ್ಥಗಳಿಗೆ ಎರಡು ಪದಗಳೇ ಇವೆ. ಬಿಳಿಯ ಪರದೇಸಿ ‘ಬುಲೆ’. ಜಾವಾ, ಲೊಂಬೊಕ್‌ಗಳಿಂದ ಬಂದು ಗಾರೆ ಕಲಸುವ, ರಸ್ತೆಬದಿ ಗಾಡಿಯಲ್ಲಿ ಊಟ ಮಾರುವ ಬಡವ ‘ಪೆಂದಾತಂಗ್’, ಅಂದರೆ ಹೊರಗಿನಿಂದ ಬಂದವನು. ಇವರಲ್ಲಿ ಮುಸ್ಲಿಮರೇ ಹೆಚ್ಚು. 202 ಜನರನ್ನು ಬಲಿತೆಗೆದುಕೊಂಡ 2002ರ ಅಕ್ಟೋಬರ್ 12ರ ಬಾಂಬ್ ಸ್ಫೋಟದ ನಂತರ ಸಂಶಯದ ಕಣ್ಣು ಇವರ ಮೇಲೆ ಬಿತ್ತು. ತಾತ್ಕಾಲಿಕ ನಿವಾಸದ ಗುರುತುಚೀಟಿ, ಬಾಡಿಗೆ ಕೋಣೆಗಳ ತಪಾಸಣೆ, ಚೀಟಿ ಇಲ್ಲದವನಿಗೆ ವಾಪಸಾತಿ, ಎಲ್ಲ ಬಿಗಿಯಾದವು. ವಿಲ್ಲಾ ಕಟ್ಟಿದವನು ಹೊರಗಿನವನು, ವಿಲ್ಲಾದಲ್ಲಿರುವವನು ಅತಿಥಿ.

ಬಾಲಿಯ ಉತ್ತರದ ಬೆಟ್ಟದಲ್ಲಿ ಪೆಗಾಯಾಮಾನ್ ಎಂಬ ಮುಸ್ಲಿಮರ ಹಳೆಯ ಹಳ್ಳಿಯಿದೆ. ಅಲ್ಲಿನವರು ಹುಟ್ಟಿದ ಸರದಿಯ ವಾಯಾನ್, ನ್ಯೋಮಾನ್ ಎಂಬ ಬಾಲಿಯ ಹೆಸರುಗಳನ್ನೂ ಅರಬ್ಬಿ ಹೆಸರುಗಳನ್ನೂ ಜೋಡಿಸಿಯೇ ಮಕ್ಕಳನ್ನು ಕರೆಯುತ್ತಾರೆ. ನೆಲೆಸುವುದೆಂದರೆ ಏನು ಎಂದು ಯಾರಾದರೂ ಪುಸ್ತಕ ಬರೆಯುವುದಿದ್ದರೆ ಅಲ್ಲಿಂದ ಆರಂಭಿಸಬಹುದಿತ್ತು.

ಒಳಗಿನಿಂದ ಬರೆದವರೂ ಇಲ್ಲದಿಲ್ಲ. ಓಕಾ ರುಸ್ಮಿನಿ ಅವರ ‘ತಾರಿಯಾನ್ ಬುಮಿ’ ಕಾದಂಬರಿ 2000ದಲ್ಲಿ ಬಂತು. ಶೂದ್ರನನ್ನು ಮದುವೆಯಾದ ಬ್ರಾಹ್ಮಣ ಹೆಣ್ಣು ತನ್ನ ಜಾತಿಯನ್ನು ವಿಧಿಪೂರ್ವಕ ಕಳಚಿಡಬೇಕಾದ ಕಥೆ. ಕನ್ನಡದ ಓದುಗರಿಗೆ ಈ ಬಾಲಿ ಏನೂ ಅಪರಿಚಿತವಲ್ಲ. ಪ್ರವಾಸಿಯ ಕಣ್ಣಿಗೆ ಹೂವಿನ ಬುಟ್ಟಿ ಹೊತ್ತು ಸಾಲಾಗಿ ನಡೆಯುವ ಹೆಂಗಸರ ತಲೆಯ ಮೇಲೆ ಹೂವಿಗಿಂತ ಭಾರವಾದದ್ದು ಏನಿದೆ ಎಂದು ರುಸ್ಮಿನಿ ತೋರಿಸುತ್ತಾರೆ. ‘ಈಟ್, ಪ್ರೇ, ಲವ್’ ಓದಿದವರು ಇದರ ಇಂಗ್ಲಿಷ್ ಅನುವಾದವನ್ನೂ ಹುಡುಕಿ ಓದಬೇಕು.

2020ರ ಜನಗಣತಿಯಲ್ಲಿ ಬಾಲಿಯ ಜನ ಸುಮಾರು 43 ಲಕ್ಷ. 2024ರಲ್ಲಿ ಬಂದ ವಿದೇಶಿ ಪ್ರವಾಸಿಗರು 63 ಲಕ್ಷ. ಸುಬಕ್ ಎಂಬ ಶತಮಾನಗಳ ನೀರು ಹಂಚಿಕೆಯ ಪದ್ಧತಿಯನ್ನು ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನೀರು ಹರಿಯಬೇಕಾದ ಗದ್ದೆಗಳಲ್ಲಿ ವಿಲ್ಲಾಗಳು ಏಳುತ್ತಲೇ ಇವೆ. ವಿದೇಶಿಯರು ಇಂಡೋನೇಷ್ಯಾದಲ್ಲಿ ಭೂಮಿಯ ಪೂರ್ಣ ಒಡೆಯರಾಗುವಂತಿಲ್ಲ. ಆದರೆ ದೀರ್ಘ ಗುತ್ತಿಗೆಗೆ, ಸ್ಥಳೀಯರ ಹೆಸರಿನಲ್ಲಿ ಮಾಡುವ ಬೇನಾಮಿ ಖರೀದಿಗೆ ಹಣವಿದ್ದರೆ ದಾರಿ ಇದ್ದೇ ಇದೆ.

ಪುಸ್ತಕ ಹಿಂದಿರುಗಿಸುವಾಗ ಹುಡುಗನಿಗೆ ಲೆಕ್ಕ ಹೇಳಿದೆವು. ದೂರದಿಂದ ಕೆಲಸ ಮಾಡುವವರಿಗಾಗಿ 2024ರಲ್ಲಿ ಬಂದ ವೀಸಾಕ್ಕೆ ವರ್ಷಕ್ಕೆ 60 ಸಾವಿರ ಡಾಲರ್ ವರಮಾನ ತೋರಿಸಬೇಕು, ಅರ್ಧ ಕೋಟಿ ರೂಪಾಯಿಗೂ ಮೇಲು. ಅವನು ಮೆಲ್ಲಗೆ ನಕ್ಕ. ಹದಿನೆಂಟು ವರ್ಷ ದಮ್ಮಾಮಿನಲ್ಲಿ ಲಾರಿ ಓಡಿಸಿ, ಒಂದೇ ಕೋಣೆಯಲ್ಲಿ ಎಂಟು ಜನರ ಜೊತೆ ಮಲಗೆದ್ದು ಬಂದ ಅವನ ತಂದೆ ಜಗಲಿಯಲ್ಲಿ ಕೂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಬಾಲಿ ಎಲ್ಲಿದೆ, ಹೇಗಿದೆ ಎಂದು ಅವರು ಕೇಳಲಿಲ್ಲ.

“ಅದಿರಲಿ ಭಾಯಿ, ಅಲ್ಲಿ ಪಾಸ್‌ಪೋರ್ಟ್ ಯಾರ ಹತ್ತಿರ ಇರ್ತದಂತೆ?” ಎಂದರು.